ತೀರ್ಥ ಒಂದು ಉದ್ಧರಣೆ ಸಾಕು

ನಾಲ್ಕು ಪುಟದ ಕಾಗದ. ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಿವೆ, ಮೂತ್ರ ಹೆಚ್ಚುಕಡಿಮೆ ನಿಂತೇಹೋಗಿದೆ, ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ನಿಮ್ಮ ರಕ್ತದ ಗುಂಪು ಅವರಿಗೆ ಹೊಂದುವುದಿಲ್ಲ. ಅತ್ತೆ 48 ದಿನದ ಹರಕೆ ಹೊತ್ತಿದ್ದಾರೆ. ಭಾವನವರು, ‘ದೇವರನ್ನು ನಂಬಿದವರಿಗೆ ಮಿಷನ್ ಯಾಕೆ?’ ಎನ್ನುತ್ತಾರೆ. ನಿಮ್ಮ ಪ್ರಶ್ನೆ: ನನ್ನ ನಂಬಿಕೆಯೇ ಸಾಲದೇ?

ಆ ಪ್ರಶ್ನೆ ಕಾಯಲಿ. ಕಾಯಲಾಗದ್ದು ಕೊನೆಯ ಪುಟದಲ್ಲಿ ನೀವು ಹಗುರವಾಗಿ ಬರೆದ ಸಾಲು: ವಾರದಿಂದ ಅಭಿಷೇಕದ ಎಳನೀರು ದಿನಾ ಒಂದು ಲೋಟ ಕೊಡುತ್ತಿದ್ದೀರಿ, ಹರಕೆ ತೀರುವ ಈ ಗುರುವಾರ ಡಯಾಲಿಸಿಸ್ ಬಿಡುತ್ತೀರಿ.

ತಂಗಿ, 200 ಮಿ.ಲೀ. ಎಳನೀರಲ್ಲಿ ಸುಮಾರು 400ರಿಂದ 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಹೇಳುವ ಮಿತಿ ಇಡೀ ದಿನದ ಊಟವೆಲ್ಲ ಸೇರಿ 2,000ದ ಆಸುಪಾಸು. ಮೂತ್ರವಿಲ್ಲದ ಮೈಯಿಂದ ಅದನ್ನು ಹೊರಹಾಕುವುದು ಬಹುಪಾಲು ಆ ಯಂತ್ರವೇ. ಒಂದು ಗುರುವಾರ ತಪ್ಪಿದರೆ ಸೋಮವಾರದಿಂದ ಸೋಮವಾರಕ್ಕೆ ಏಳು ದಿನ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ, ಎಷ್ಟೋ ಸಲ ಮುನ್ಸೂಚನೆಯೇ ಇಲ್ಲದೆ. ನೀರು ಶ್ವಾಸಕೋಶಕ್ಕೆ ಇಳಿಯುವುದು ಬೇರೆ. ಕಾಲು ಸೋತರೆ, ನಾಡಿ ನಿಧಾನವಾದರೆ, ಮಲಗಿದರೆ ಉಸಿರು ಕಟ್ಟಿದರೆ ಗುರುವಾರಕ್ಕೂ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಇಸಿಜಿ, ಪೊಟ್ಯಾಸಿಯಂ ಪರೀಕ್ಷೆ ಕೇಳಿ.

ಅತ್ತೆಯ ಮೇಲೆ ಸಿಟ್ಟು ಬೇಡ. ಮಗನಿಗಾಗಿ ಬರಿಗಾಲಲ್ಲಿ ನಡೆಯುವ ಮುದುಕಿ ಆಕೆ. ತೀರ್ಥ ಒಂದು ಉದ್ಧರಣೆ ಕೊಡಲಿ, ಒಂದು ಚಮಚವೂ ಆಗದು. ಪಂಚಾಮೃತದಲ್ಲಿ ಬಾಳೆಹಣ್ಣಿದೆ, ಎಳನೀರಿನಷ್ಟೇ ಕಾಟ. ಕಣ್ಣಿಗೊತ್ತಿಕೊಂಡು ಮಕ್ಕಳ ಕೈಗಿಡಲಿ, ದೇವರು ಮುನಿಯುವುದಿಲ್ಲ.

ಸಿಟ್ಟು ಬರಬೇಕಾದ್ದು ಭಾವನ ಮೇಲೆ. ಒಡಹುಟ್ಟಿದವರು 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಹತ್ತಿರದ ಸಂಬಂಧಿ, ಕಿಡ್ನಿ ಕೊಡಬಹುದು. ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಸರಿ. ಆದರೆ ತಮ್ಮನ ನಂಬಿಕೆಯನ್ನು ಅಳೆಯುವವರು ತಮ್ಮ ರಕ್ತದ ಗುಂಪನ್ನಾದರೂ ಅಳೆಸಿದ್ದಾರಾ? ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ನಿಮ್ಮ ಗುಂಪು ಹೊಂದದಿದ್ದರೂ ದಾರಿ ಮುಚ್ಚಿಲ್ಲ. ನಿಮ್ಮಂಥದೇ ಇನ್ನೊಂದು ಜೋಡಿಯೊಡನೆ ಕಿಡ್ನಿ ಅದಲು ಬದಲು ಮಾಡಲು ಅದೇ ಕಾಯ್ದೆಯ 2011ರ ತಿದ್ದುಪಡಿಯಲ್ಲಿ ಅವಕಾಶವಿದೆ. ಜೊತೆಗೆ ಕಸಿ ಮಾಡುವ ಆಸ್ಪತ್ರೆಯ ಮೂಲಕ, ಮೃತರು ದಾನ ಮಾಡಿದ ಅಂಗಗಳನ್ನು ಹಂಚುವ ಕರ್ನಾಟಕದ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಗೆ ಹೆಸರು ಸೇರಿಸಿ. ಸರದಿ ಬರಲು ವರ್ಷಗಳೇ ಹಿಡಿಯಬಹುದು. ನಿಮ್ಮ ನಂಬಿಕೆಗೆ ಕೆಲಸವಿರುವುದು ಅಲ್ಲಿ.

ಈ ಗುರುವಾರ ಮೊದಲು ಡಯಾಲಿಸಿಸ್, ಆಮೇಲೆ ಸಂಜೆಯ ಮಂಗಳಾರತಿ. ಕಂಕಣ ಕಟ್ಟುವುದಿದ್ದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇಲ್ಲದ ಕೈಗೆ, ಸಡಿಲವಾಗಿ.