ಮೂವತ್ತು ವರ್ಷದಾಚೆಗೆ ಯೋಚಿಸುವವರು ಯಾರು?

ಪ್ರಶ್ನೆ: ನಮ್ಮ ಊರಿನ ಸುತ್ತ ಬಡಾವಣೆಗಳು ಏಳುತ್ತಲೇ ಇವೆ, ನಲ್ಲಿ ನೀರು ಮಾತ್ರ ವಾರಕ್ಕೊಮ್ಮೆ. ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅಧಿಕಾರಿಗಳು ಅದಕ್ಕೂ ಮೊದಲೇ ವರ್ಗವಾಗುತ್ತಾರೆ. ಹೀಗಿರುವಾಗ ಮೂವತ್ತು ವರ್ಷ ಮುಂದಿನದನ್ನು ಯೋಚಿಸುವ ಹೊಣೆ ಯಾರದು? ಅದಕ್ಕೆ ಕಾನೂನು ಉಂಟೇ?
– ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ಕಾನೂನು ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಊರು ಹೇಗೆ ಬೆಳೆಯಬೇಕೆಂದು ತೋರಿಸುವ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಲು ಅವಕಾಶ ಕಲ್ಪಿಸಲಾಗಿದೆ. ಸಂವಿಧಾನದ 74ನೇ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿ ಮತ್ತು ಮಹಾನಗರ ಯೋಜನಾ ಸಮಿತಿಗಳನ್ನು ರಚಿಸುವಂತೆ ಹೇಳುತ್ತದೆ. ಆದರೆ ಯೋಜನೆ ತಡವಾದರೆ ಯಾರು ಉತ್ತರ ಹೇಳಬೇಕು ಎಂಬಲ್ಲಿ ನಮ್ಮ ವ್ಯವಸ್ಥೆ ಸಡಿಲವಾಗಿದೆ.

ಬೆಂಗಳೂರನ್ನೇ ನೋಡಿ. ಹೆಸರಘಟ್ಟದ ಕೆರೆಯಿಂದ ಪೇಟೆಗೆ ಕೊಳಾಯಿ ನೀರು ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದಿಂದ, ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆತ್ತಿ ತರಬೇಕಾಯಿತು. 2007ರಲ್ಲಿ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ ಕಳೆದಿತ್ತು. ಆ ಹಳ್ಳಿಗಳ ಪೈಕಿ ಒಂದರಲ್ಲಿ ನಾನು ಕಂಡ ಮನೆಯೊಂದರ ಗೋಡೆಗೆ ಮೀಟರ್ ಪೆಟ್ಟಿಗೆ ಕೂತಿತ್ತು, ನಲ್ಲಿಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು, ಅಂಗಳದಲ್ಲಿ ಸಂಪಿನ ಮುಚ್ಚಳ ತೆಗೆದು ಟ್ಯಾಂಕರಿನ ಪೈಪ್ ಇಳಿಬಿಟ್ಟಿದ್ದರು. ಮನೆಯ ಹಿರಿಯರು ಹೇಳಿದ್ದು ಇಷ್ಟೇ: “ಕಂದಾಯ ಮಾತ್ರ ತಪ್ಪದೆ ಕಟ್ಟುತ್ತಿದ್ದೇವೆ.” ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಮಹಾಯೋಜನೆಯ ಕಥೆಯೂ ಇದೇ. 2007ರಲ್ಲಿ ಒಪ್ಪಿಗೆ ಪಡೆದದ್ದು 2015ರವರೆಗಿನ ಯೋಜನೆ. 2031ಕ್ಕೆಂದು 2017ರಲ್ಲಿ ಪ್ರಕಟವಾದ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು. ಅವಧಿ ಮೀರಿದ ನಕ್ಷೆಯನ್ನಿಟ್ಟುಕೊಂಡೇ ನಗರ ಬೆಳೆಯಿತು.

ಹೀಗಾಗುವುದು ಯಾರಿಗೂ ದೂರದೃಷ್ಟಿ ಇಲ್ಲವೆಂದಲ್ಲ. ಬಡಾವಣೆಗೆ ಅನುಮೋದನೆ ಕೊಡುವ ಕಚೇರಿ ಒಂದು, ನೀರು ಕೊಡುವ ಮಂಡಳಿ ಇನ್ನೊಂದು; ಶುಲ್ಕ ಈ ವರ್ಷವೇ ಬರುತ್ತದೆ, ಕೊಳವೆ ಹಾಕುವ ವೆಚ್ಚ ಮುಂದೆಂದೋ ಬರುವ ಅಧಿಕಾರಿಯ ತಲೆಗೆ ಬೀಳುತ್ತದೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಿಂದಾಗಿ ನಮ್ಮ ರಾಜ್ಯ ಬಜೆಟ್ಟಿನ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ಮಂಡಿಸುತ್ತದೆ. ಒಳ್ಳೆಯದೇ, ಆದರೆ ಅದು ಕೆಲವೇ ವರ್ಷಗಳ ಲೆಕ್ಕ. ಫಿನ್ಲೆಂಡ್ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಸಂಸತ್ತು 1993ರಲ್ಲಿ ಭವಿಷ್ಯ ಸಮಿತಿಯೊಂದನ್ನು ರಚಿಸಿತು. ಪ್ರತಿ ಸರ್ಕಾರವೂ ತನ್ನ ಅವಧಿಯಲ್ಲಿ ಒಮ್ಮೆ ಭವಿಷ್ಯದ ಕುರಿತ ವರದಿಯನ್ನು ಸಂಸತ್ತಿನ ಮುಂದಿಡುತ್ತದೆ, ಎಲ್ಲ ಪಕ್ಷಗಳ ಸದಸ್ಯರಿರುವ ಆ ಸಮಿತಿ ಅದಕ್ಕೆ ಲಿಖಿತ ಪ್ರತಿಕ್ರಿಯೆ ಕೊಡುತ್ತದೆ. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಮಾಡಬಹುದಾದದ್ದೂ ಇದೆ. ನಿಮ್ಮೂರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ಲಿಖಿತವಾಗಿ ಒಂದೇ ಪ್ರಶ್ನೆ ಕೇಳಿ: ಕರಡಿನಲ್ಲಿ ಅಂದಾಜಿಸಿದಷ್ಟು ಜನರಿಗೆ ನೀರು ಎಲ್ಲಿಂದ, ಎಷ್ಟು, ಯಾವ ವರ್ಷದಿಂದ? ಸ್ವೀಕೃತಿ ಪಡೆದು ಪ್ರತಿಯನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಪಂಚವಾರ್ಷಿಕ ಯೋಜನೆಗಳು ಈಗಲೂ ನಡೆಯುತ್ತಿವೆಯೇ?
– ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ಇಲ್ಲ. ಆ ಯೋಜನೆಗಳನ್ನು ರೂಪಿಸುತ್ತಿದ್ದ, 1950ರಲ್ಲಿ ಆರಂಭವಾದ ಯೋಜನಾ ಆಯೋಗದ ಜಾಗಕ್ಕೆ 2015ರಲ್ಲಿ ನೀತಿ ಆಯೋಗ ಬಂತು. 2017ರ ಮಾರ್ಚ್‌ನಲ್ಲಿ ಮುಗಿದ ಹನ್ನೆರಡನೆಯದೇ ಕೊನೆಯ ಪಂಚವಾರ್ಷಿಕ ಯೋಜನೆ. ಯೋಜನಾ ಆಯೋಗ ರಾಜ್ಯಗಳ ಯೋಜನೆಗಳಿಗೆ ಹಣ ಹಂಚುವುದರಲ್ಲೂ ಪಾಲುಗೊಳ್ಳುತ್ತಿತ್ತು. ನೀತಿ ಆಯೋಗ ಸಲಹೆ ಕೊಡುತ್ತದೆ, ಹಣ ಹಂಚುವುದಿಲ್ಲ.