ದೋಷ ಗಂಡಿನದು, ತಂದದ್ದು ಹೆಣ್ಣನ್ನು: ಏಕೆ?

(ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿಗೆ ಅಲ್ಲಿ ಫ್ಲಾರಿಡಾ ಪ್ಯಾಂಥರ್ ಎಂದು ಹೆಸರು. ಅದರ ಕುರಿತ ನಮ್ಮ ಲೇಖನ ಓದಿ ಸಾಗರದ ಓದುಗರೊಬ್ಬರು ಕೇಳಿದ್ದಾರೆ: "ಸಂತಾನಶಕ್ತಿ ಕುಂದಿದ್ದು ಗಂಡುಗಳಲ್ಲಿ. ಟೆಕ್ಸಾಸ್‌ನಿಂದ ಹೆಣ್ಣುಗಳನ್ನು ತಂದದ್ದೇಕೆ? ಹೊರಗಿನ ರಕ್ತ ಬೆರೆತ ಮೇಲೆ ಅದು ಫ್ಲಾರಿಡಾದ ಪ್ರಾಣಿಯಾಗಿ ಉಳಿಯುತ್ತದೆಯೇ?")

ನಮಸ್ಕಾರ. ಎರಡೂ ಒಳ್ಳೆಯ ಪ್ರಶ್ನೆಗಳು.

1990ರ ದಶಕದ ಆರಂಭದಲ್ಲಿ ದಕ್ಷಿಣ ಫ್ಲಾರಿಡಾದ ಜೌಗು ಕಾಡುಗಳಲ್ಲಿ ಈ ಪ್ಯೂಮಾಗಳು ಉಳಿದಿದ್ದದ್ದು ಸುಮಾರು 20ರಿಂದ 30. ಹತ್ತಿರದ ಸಂಬಂಧಿಗಳೇ ಕೂಡದೆ ಬೇರೆ ದಾರಿಯಿರಲಿಲ್ಲ. ಬಾಲದ ತುದಿ ಸೊಟ್ಟ, ಕೆಲವಕ್ಕೆ ಹೃದಯದಲ್ಲಿ ರಂಧ್ರ. ಅರ್ಧಕ್ಕಿಂತ ಹೆಚ್ಚು ಗಂಡುಗಳಲ್ಲಿ ಒಂದಾದರೂ ವೃಷಣ ಚೀಲಕ್ಕೆ ಇಳಿಯದೆ ದೇಹದೊಳಗೇ ಉಳಿದಿತ್ತು. ಮೈಯ ಕಾವಿನಲ್ಲಿ ಅದು ವೀರ್ಯಾಣುಗಳನ್ನು ಸರಿಯಾಗಿ ಉತ್ಪಾದಿಸಲಾರದು. ಉತ್ಪತ್ತಿಯಾದ ವೀರ್ಯಾಣುಗಳಲ್ಲೂ ಹತ್ತರಲ್ಲಿ ಒಂಬತ್ತು ವಿಕಾರವಾಗಿದ್ದವು. ಬೇಟೆ ನಿಲ್ಲಿಸಿ, ಕಾಡಿಗೆ ಕಾವಲು ಹಾಕಿದರೂ ಇದು ವಾಸಿಯಾಗುವಂಥದ್ದಲ್ಲ.

ಇಂಥ ದೋಷಗಳಲ್ಲಿ ಬಹುಪಾಲು ತಲೆದೋರುವುದು ತಂದೆ ತಾಯಿ ಇಬ್ಬರಿಂದಲೂ ಅದೇ ಕೆಟ್ಟ ಜೀನ್ ಬಂದಾಗ. ತಾಯಿ ದೂರದ ನಾಡಿನವಳಾದರೆ ಅವಳು ಕೊಡುವ ಒಂದು ಒಳ್ಳೆಯ ಜೀನ್ ಸಾಕು, ಮಗ ಆರೋಗ್ಯವಂತನಾಗಿ ಹುಟ್ಟುತ್ತಾನೆ. ಅಂದರೆ ಚಿಕಿತ್ಸೆ ನಡೆದದ್ದು ಇದ್ದ ಗಂಡುಗಳಿಗಲ್ಲ, ಹುಟ್ಟಲಿದ್ದ ಗಂಡುಗಳಿಗೆ. ಇನ್ನೊಂದು ವಿಚಾರವೂ ಇದೆ. ಗಂಡು ಪ್ಯೂಮಾಗಳು ನೆಲೆಗಾಗಿ ಒಂದನ್ನೊಂದು ಕೊಲ್ಲುತ್ತವೆ. ಹೊಸ ಗಂಡೊಂದು ಬಂದರೆ ತಾನೇ ಸಾಯಬಹುದಿತ್ತು, ಇಲ್ಲವೇ ಉಳಿದವುಗಳನ್ನು ಅಟ್ಟಿ ಮರಿಗಳಿಗೆಲ್ಲ ತಾನೊಬ್ಬನೇ ತಂದೆಯಾಗಬಹುದಿತ್ತು. ಆಗ ಮತ್ತೆ ಅದೇ ಸಂಕಟ.

1995ರಲ್ಲಿ ಬಿಟ್ಟ 8 ಹೆಣ್ಣುಗಳಲ್ಲಿ 5 ಮರಿ ಹಾಕಿದವು. ಅಷ್ಟರಿಂದಲೇ ಮುಂದಿನ ಪೀಳಿಗೆಯ ಗಂಡುಗಳಲ್ಲಿ ವೃಷಣದ ದೋಷ ಇಳಿಯಿತು, ವೀರ್ಯದ ಗುಣಮಟ್ಟ ಸುಧಾರಿಸಿತು. ಇಂದು ಅಲ್ಲಿರುವ ವಯಸ್ಕ ಪ್ರಾಣಿಗಳು ಅಂದಾಜು 120ರಿಂದ 230.

ರಕ್ತ ಬೆರೆತದ್ದರ ಬಗ್ಗೆ ನನಗೆ ಅಳುಕಿಲ್ಲ. ಹಿಂದೆ ಟೆಕ್ಸಾಸ್‌ನಿಂದ ಫ್ಲಾರಿಡಾದವರೆಗೆ ಪ್ಯೂಮಾಗಳ ನೆಲೆ ಒಂದಕ್ಕೊಂದು ಕೂಡಿಕೊಂಡಿತ್ತು. ಅವು ಬೆರೆಯುತ್ತಲೇ ಇದ್ದವು. ಬೇಟೆಯಾಡಿ, ಕಾಡು ಕಡಿದು ಆ ನಂಟನ್ನು ಹರಿದವರು ಮನುಷ್ಯರು. ಅಷ್ಟಾದರೂ ಟೆಕ್ಸಾಸ್‌ನ ಪಾಲು ಮಿತಿಮೀರಬಾರದೆಂದು, ಬದುಕುಳಿದಿದ್ದ ಆ ಹೆಣ್ಣುಗಳನ್ನು 2003ರ ಹೊತ್ತಿಗೆ ಕಾಡಿನಿಂದ ಹೊರತಂದರು.

ನನ್ನ ಆತಂಕ ಬೇರೆ. ಪ್ಯಾಂಥರ್‌ಗಳು ಇಂದಿಗೂ ಬಹುತೇಕ ಆ ಒಂದೇ ಮೂಲೆಯಲ್ಲಿವೆ, ರಸ್ತೆಯಲ್ಲಿ ವಾಹನಗಳಿಗೆ ಸಿಕ್ಕು ಸಾಯುತ್ತಿವೆ. ಕಲೂಸಹ್ಯಾಚಿ ನದಿ ದಾಟಿ ಉತ್ತರಕ್ಕೆ ಹೆಣ್ಣುಗಳು ಹರಡದಿದ್ದರೆ, ಕೆಲವು ತಲೆಮಾರುಗಳಲ್ಲಿ ಸಂಬಂಧಿಗಳ ಕೂಡುವಿಕೆ ಮರುಕಳಿಸುತ್ತದೆ. ಆಗ ಮತ್ತೊಮ್ಮೆ ಹೊರಗಿನಿಂದ ಪ್ಯೂಮಾಗಳನ್ನು ತರಬೇಕಾಗುತ್ತದೆ.

– ಸಂಪಾದಕ