ಯೂರೋ ಸೇರಿದ ದೇಶ ಆರ್ಥಿಕ ಸುಧಾರಣೆ ಮಾಡಲೇಬೇಕಾಗುತ್ತದೆಯೇ?

ಮಾಡಬೇಕಾಗುತ್ತದೆ, ಆದರೆ ಕಷ್ಟ ಕುತ್ತಿಗೆಗೆ ಬಂದ ಮೇಲೆ. 2001ರಲ್ಲಿ ಯೂರೋ ಸೇರಿದ ಗ್ರೀಸಿಗೆ ಹೆಚ್ಚೂಕಡಿಮೆ ಜರ್ಮನಿಯ ಬಡ್ಡಿಗೇ ಸಾಲ ಸಿಕ್ಕಿತು. ಸಾಲ ಅಷ್ಟು ಸಲೀಸಾಗಿ ಹುಟ್ಟುವಾಗ ಪಿಂಚಣಿ, ತೆರಿಗೆ ಸರಿಪಡಿಸುವ ಉಸಾಬರಿ ಯಾರಿಗೆ ಬೇಕು? 2010ರ ಹೊತ್ತಿಗೆ ಸಾಲ ಕೊಡುವವರು ಹಿಂದೆ ಸರಿದರು. ಯೂರೋಗೆ ಮೊದಲಿದ್ದ ಸ್ವಂತ ಹಣ ಡ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ಇಳಿಸಿ ರಫ್ತು ಅಗ್ಗ ಮಾಡಬಹುದಿತ್ತು; ಅದಿಲ್ಲದೆ ಸಂಬಳ, ಪಿಂಚಣಿಗೇ ಕತ್ತರಿ ಬಿತ್ತು. 2015ರಲ್ಲಂತೂ ಎಟಿಎಂನಿಂದ ದಿನಕ್ಕೆ 60 ಯೂರೋ ಅಷ್ಟೇ.

ನಮ್ಮ ದಾವಣಗೆರೆಯ ಕಾಟನ್ ಮಿಲ್‌ಗಳು ಮುಚ್ಚಿದಾಗಲೂ ಬೆಲೆ ಇಳಿಸೋಕೆ ‘ದಾವಣಗೆರೆ ರೂಪಾಯಿ’ ಅಂತ ಇರಲಿಲ್ಲ. ಆದರೆ ಬೆಂಗಳೂರಿನ ಬಸ್ ಹತ್ತಬಹುದಿತ್ತು, ಕೇಂದ್ರದ ತೆರಿಗೆ ಪಾಲೂ ರಾಜ್ಯಕ್ಕೆ ಬರುತ್ತಿತ್ತು. ಯೂರೋ ವಲಯದಲ್ಲಿ ಅಷ್ಟು ದೊಡ್ಡ ಹಂಚಿಕೆ ಇಲ್ಲ. ಗ್ರೀಸಿಗೆ ಕೊಟ್ಟಿದ್ದೂ ಷರತ್ತಿನ ಸಾಲವೇ.